ಕಿತ್ಸುಕಿಗೆ ಮೂರು ಜನ

ನವೆಂಬರ್ 4, ಮಂಗಳವಾರ

ಬೆಳಿಗ್ಗೆ ಐದು ಹತ್ತು. ಎಬ್ಬಿಸಿದ್ದು ಟೇಪು ಎಳೆಯುವ ಸದ್ದು. ಕಾರ್ಟನ್ನಿಗೆ ಸುತ್ತುವ ಅಗಲದ ಕಂದು ಟೇಪು, ಸುರುಳಿಯಿಂದ ಬಿಡಿಸುವಾಗ ಹೊಸ ಬಟ್ಟೆ ಹರಿದ ಹಾಗೆ ಕಿರುಚುತ್ತದಲ್ಲ, ಅದು. ಮಗಳು ಒಲಿವಿಯಾ ಕಣ್ಣು ಮುಚ್ಚಿದ್ದೇ ಮೂರೂವರೆಗೆ. ಅವಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ಎಣಿಸುತ್ತ ಇನ್ನೂರರವರೆಗೆ ಬಂದದ್ದು ನೆನಪಿದೆ, ಆಮೇಲೆ ನನಗೂ ಜೊಂಪು ಹತ್ತಿರಬೇಕು. ಏಳು ತಿಂಗಳಿಂದ ಹೀಗೆಯೇ. ಹುಟ್ಟಿದ ಮೂರನೆಯ ದಿನ ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಒಂದೇ ರಾತ್ರಿ. ಆ ರಾತ್ರಿಯಿಂದ ನನ್ನ ಬೆರಳಿಗೆ ಈ ಚಟ.

ಹೊರಗೆ ಬಂದರೆ ನನ್ನ ಗಂಡ ಲೆಸ್ಲಿ ಹಾಲ್‌ನ ನೆಲದ ಮೇಲೆ ಕೂತು ಕಾರ್ಟನ್ ಕಟ್ಟುತ್ತಿದ್ದ. ಒಳಗೆ ಒಲಿವಿಯಾಳ ಚಳಿಗಾಲದ ಬಟ್ಟೆ, ನನ್ನ ಎರಡು ಸೀರೆ, ಹಾಲಿನ ಪುಡಿಯ ಡಬ್ಬಿ.

“ಎಂತ ಮಾಡ್ತಾ ಇದ್ದೀ?”

“ಕಾರ್ಗೋದವನಿಗೆ ಹೇಳಿಟ್ಟಿದ್ದೇನೆ. ಈಗಿಂದ ಸ್ವಲ್ಪ ಸ್ವಲ್ಪ ಕಟ್ಟಿಟ್ರೆ ಕೊನೆಗೆ ಗಡಿಬಿಡಿ ಇಲ್ಲ.”

“ಯಾರ ಸಾಮಾನು?”

“ನಿಮ್ಮದು. ನಿಂದು, ಬೇಬಿದು.”

ಆಮೇಲೆ ಎಲ್ಲ ಒಟ್ಟಿಗೆ ಹೇಳಿದ. ಇಲ್ಲಿ ಅಬುಧಾಬಿಯ ಮುಸಫ್ಫಾದಲ್ಲಿರುವ ಅವನ ಕಂಪನಿ ಡಿಸೆಂಬರ್ ಕೊನೆಗೆ ಖಲಾಸ್ ಎನ್ನುವುದು ನನಗೆ ಗೊತ್ತಿತ್ತು. ಆಸ್ಪತ್ರೆ ಯಂತ್ರಗಳನ್ನು ರಿಪೇರಿ ಮಾಡುವ ಎಂಟು ಜನರಲ್ಲಿ ಉಳಿದವರು ಮೂವರು. ಜಪಾನಿನ ಒಂದು ಕಾರ್ಖಾನೆಯವರು ವಿಡಿಯೋದಲ್ಲಿ ಇಂಟರ್‌ವ್ಯೂ ಮಾಡಿದ್ದೂ ಗೊತ್ತಿತ್ತು. ಗೊತ್ತಿಲ್ಲದ್ದು ಇಷ್ಟು: ಕೆಲಸ ಸಿಕ್ಕಿದೆ, ಜನವರಿಗೆ ಹೋಗಬೇಕು, ಊರಿನ ಹೆಸರು ಕಿತ್ಸುಕಿ. ಮತ್ತು ಅವರು ಕಳಿಸಿದ ಫಾರ್ಮಿನಲ್ಲಿ ‘ಫ್ಯಾಮಿಲಿ ಅಥವಾ ಸಿಂಗಲ್’ ಎಂದು ಕೇಳಿದ್ದಕ್ಕೆ ಇವನು ಸಿಂಗಲ್ ಎಂದು ಗುರುತು ಹಾಕಿದ್ದಾನೆ. ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು, ಫೋನಿನಲ್ಲಿ, ನನ್ನನ್ನು ಕೇಳದೆ.

“ಆರು ತಿಂಗಳು, ಅಷ್ಟೇ ಕ್ಯಾರಲ್. ನೀವು ಊರಲ್ಲಿ ನನ್ನ ಮಾಂಯ್ ಒಟ್ಟಿಗೆ ಇರಿ. ಡಿಸೆಂಬರ್ ಒಂಬತ್ತಕ್ಕೆ ಟಿಕೆಟ್ ಮಾಡಿದ್ದೇನೆ. ನಾನು ಅಲ್ಲಿ ಸೆಟ್ಲ್ ಆದ ಮೇಲೆ ನೋಡುವ.”

ಆರು ತಿಂಗಳು! ಪಪ್ಪಾ ಬಹ್ರೇನಿಗೆ ಹೋದದ್ದೂ ಆರು ತಿಂಗಳಿಗೆಂದೇ. ಆಗ ನಾನು ಮಮ್ಮಿಯ ಹೊಟ್ಟೆಯಲ್ಲಿದ್ದೆ. ವಾಪಸು ಬಂದು ಮನೆಯಲ್ಲಿ ಕೂತದ್ದು ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ. ಎರಡು ವರ್ಷಕ್ಕೊಮ್ಮೆ ಒಂದೂವರೆ ತಿಂಗಳು ರಜೆ. ಮೊದಲ ವಾರ ನಾನು ಅವರನ್ನು ಕಂಡರೆ ಓಡಿಹೋಗುತ್ತಿದ್ದೆ, ಕೊನೆಯ ವಾರ ಬಿಡುತ್ತಿರಲಿಲ್ಲ. ನಮ್ಮ ಕಿನ್ನಿಗೋಳಿಯ ದಾರಿಯಲ್ಲಿ ಎಂಟು ಮನೆ, ಆರರಲ್ಲಿ ಗಂಡಸರಿಲ್ಲ. ಎಲ್ಲರೂ ಆರು ತಿಂಗಳಿಗೆ ಹೋದವರೇ.

ಮಗು ಎದ್ದಿತು, ಒಳಗೆ ಹೋದೆ. ಹೇಳಬೇಕಾದ್ದನ್ನು ಈ ಪುಸ್ತಕಕ್ಕೆ ಹೇಳುತ್ತಿದ್ದೇನೆ: ನಾನು ಹೋಗುವುದಿಲ್ಲ.

ನವೆಂಬರ್ 6, ಗುರುವಾರ

ಕಿತ್ಸುಕಿ ಸಿಕ್ಕಿತು. ಜಪಾನಿನ ನಕಾಶೆಯಲ್ಲಿ ಕೆಳಗಿನ ದೊಡ್ಡ ದ್ವೀಪ ಕ್ಯೂಶು. ಅದರ ಈಶಾನ್ಯದಲ್ಲಿ ಹೊಟ್ಟೆಯಂತೆ ಸಮುದ್ರಕ್ಕೆ ಉಬ್ಬಿದ ಗುಂಡನೆಯ ಜಾಗ, ಕುನಿಸಾಕಿ ಪರ್ಯಾಯದ್ವೀಪ. ಆ ಹೊಟ್ಟೆಯ ದಕ್ಷಿಣದ ಮಡಿಕೆಯಲ್ಲಿ ಒಂದು ಕೊಲ್ಲಿ, ಕೊಲ್ಲಿಗೆ ಬಂದು ಸೇರುವ ನದಿ, ನದಿಯ ಬಾಯಲ್ಲಿ ಒಂದು ಗುಡ್ಡ, ಗುಡ್ಡದ ಮೇಲೆ ಪುಟ್ಟ ಕೋಟೆ. ಇಡೀ ಮುನ್ಸಿಪಾಲಿಟಿಗೆ ಇಪ್ಪತ್ತೇಳು ಸಾವಿರ ಜನ.

ಐದು ವರ್ಷ ಸಮಾಜ ಪಾಠ ಮಾಡಿದವಳು ನಾನು. ನಕಾಶೆ ತೋರಿಸದೆ ಪಾಠ ಶುರುಮಾಡಿದವಳಲ್ಲ. ನನ್ನ ಗಂಡ ಮಾತ್ರ ತಾನು ಹೋಗುವ ಊರು ಯಾವ ಸಮುದ್ರದ ದಡದಲ್ಲಿದೆ ಎಂದೂ ನೋಡಿರಲಿಲ್ಲ.

ಊರಿನ ಆಕಾರ ವಿಚಿತ್ರ. ಎರಡು ಎತ್ತರದ ದಿಬ್ಬ, ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ. ಎರಡರ ಮೇಲೂ ಸಮುರಾಯಿಗಳ ಮನೆ, ಮಣ್ಣಿನ ಗೋಡೆ, ಹುಲ್ಲಿನ ಮಾಡು. ನಡುವಿನ ಕಣಿವೆಯಲ್ಲಿ ಒಂದೇ ಉದ್ದ ಬೀದಿ, ಅಲ್ಲಿ ವ್ಯಾಪಾರಿಗಳು. ಎರಡು ದಿಬ್ಬದಿಂದಲೂ ಕಲ್ಲು ಹಾಸಿದ ಇಳಿಜಾರುಗಳು ಎದುರು ಬದುರಾಗಿ ಬೀದಿಗೆ ಇಳಿಯುತ್ತವೆ. ಒಂದರ ಹೆಸರು ವಿನೆಗರ್ ಅಂಗಡಿಯ ಇಳಿಜಾರು. ಎದುರಿನದಕ್ಕೆ ಉಪ್ಪಿನ ಅಂಗಡಿಯ ಇಳಿಜಾರು.

ಮೇಲಿನ ಟೆರೇಸಿನಲ್ಲಿ ಬಟ್ಟೆ ಹಾಕುತ್ತ ನಮ್ಮ ವಿಲ್ಲಾದ ಪಕ್ಕದ ಪೋರ್ಷನ್‌ನ ಕುದ್ಸಿಯಾಗೆ ಹೇಳಿದೆ. ಕುದ್ಸಿಯಾ ಭಟ್ಕಳದವಳು, ನಾಲ್ಕು ಮಕ್ಕಳ ತಾಯಿ. ಗಂಡ ಫಹದ್‌ಗೆ ದುಬೈಯ ನೈಫ್‌ನಲ್ಲಿ ಬಟ್ಟೆ ಅಂಗಡಿ. ಮಕ್ಕಳ ಶಾಲೆಗೆಂದು ಇವಳು ಇಲ್ಲಿ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ.

“ಉಪ್ಪಿನಂಗಡಿಯಾ?” ಕ್ಲಿಪ್ಪು ಹಲ್ಲಲ್ಲಿ ಕಚ್ಚಿಕೊಂಡೇ ನಕ್ಕಳು. “ಅದಕ್ಕೆ ಜಪಾನಿಗೆ ಯಾಕೆ ಹೋಗ್ಬೇಕು ಮಾರಾಯ್ತಿ? ಮಂಗಳೂರಿಂದ ಬಸ್ಸು ಉಂಟಲ್ಲ.”

“ನಾನು ಹೋಗೂದಲ್ಲ. ಲೆಸ್ಲಿ ಒಬ್ಬನೇ. ನನ್ನನ್ನು ಊರಿಗೆ ಪಾರ್ಸೆಲ್ ಮಾಡ್ತಾನೆ.”

ಅವಳ ನಗು ನಿಂತಿತು. “ಬಟ್ಟೆ ಹಾಕೂದು ಬಿಡು, ಇಲ್ಲಿ ಕೂತ್ಕೊ. ಕೇಳು. ನಮ್ಮವರು ನೈಫ್‌ನಲ್ಲಿ, ನಾನಿಲ್ಲಿ. ಒಂದೂವರೆ ಗಂಟೆಯ ರಸ್ತೆ. ಅಷ್ಟಕ್ಕೇ ವಾರಾಂತ್ಯಕ್ಕೆ ಬಂದವರು ಚಾ ಸಕ್ಕರೆ ಎಲ್ಲುಂಟು ಅಂತ ಕೇಳ್ತಾರೆ. ಅವರ ಮನೆಯಲ್ಲೇ ಅವರು ನೆಂಟರು. ಇನ್ನು ಜಪಾನು! ಒಪ್ಪಬೇಡ.”

ನವೆಂಬರ್ 9, ಭಾನುವಾರ

ಅತ್ತೆ ಅಗಾತಾಮಾಂಯ್ ವಿಡಿಯೋ ಕಾಲ್ ಮಾಡಿದರು. ಲೆಸ್ಲಿ ಫೋನು ನನ್ನ ಕೈಗೆ ಕೊಟ್ಟು ಬಾಲ್ಕನಿಗೆ ತಪ್ಪಿಸಿಕೊಂಡ.

“ಮಗುವಿಗೆ ದಿನಾ ಎಣ್ಣೆ ಹಾಕಿ ಮೀಸುವವರು ಯಾರುಂಟು ಅಲ್ಲಿ? ಭೂಕಂಪ ಆಗ್ತದಂತೆ. ಮೀನು ಹಸಿಯೇ ತಿಂತಾರಂತೆ.”

“ಬೇಯಿಸಿಯೂ ತಿಂತಾರೆ ಮಾಂಯ್. ಕೊಲ್ಲಿಯ ಊರು, ನಮ್ಮ ಹಾಗೆ ದಿನಾ ಮೀನು.”

“ಇಗರ್ಜಿ ಉಂಟಾ?”

ಇದಕ್ಕೆ ನಾನು ತಯಾರಾಗಿದ್ದೆ. ಕಿತ್ಸುಕಿ ಆಗ ಬುಂಗೋ ಎಂಬ ರಾಜ್ಯದಲ್ಲಿತ್ತು. ಆ ರಾಜ್ಯದ ಒಡೆಯನನ್ನು ನೋಡಲು ಸಂತ ಫ್ರಾನ್ಸಿಸ್ ಝೇವಿಯರ್ ಹೋಗಿದ್ದರು, 1551ರಲ್ಲಿ. ಅಲ್ಲಿಂದಲೇ ಹಡಗು ಹತ್ತಿ ಗೋವಾ ಕಡೆಗೆ ಹೊರಟದ್ದು. “ನಮ್ಮ ಗೋಂಯ್ಚೊ ಸಾಯ್ಬ್ ನಡೆದ ನೆಲ ಮಾಂಯ್ ಅದು. ಈಗಲೂ ಪಕ್ಕದ ಪಟ್ಟಣದಲ್ಲಿ ಇಗರ್ಜಿ ಉಂಟು, ರೈಲಿನಲ್ಲಿ ಹೋಗಬಹುದು.”

ಮಾಂಯ್ ಶಿಲುಬೆಯ ಗುರುತು ಹಾಕಿಕೊಂಡರು. ಗೆದ್ದೆ ಅಂದುಕೊಂಡೆ.

“ಬಾಯೆ,” ಎಂದರು, “ಅವರು ಸಂತರು. ಅವರಿಗೆ ಏಳು ತಿಂಗಳ ಮಗು ಇರಲಿಲ್ಲ.”

ಬಾಲ್ಕನಿಯಲ್ಲಿ ಲೆಸ್ಲಿ ನಗುವುದು ಕೇಳಿಸಿತು.

ನವೆಂಬರ್ 12, ಬುಧವಾರ

ಮಗುವಿಗೆ ಜ್ವರ. ನೂರಾ ಒಂದು. ಹಲ್ಲಿನದು ಎಂದರು ಕ್ಲಿನಿಕ್ಕಿನಲ್ಲಿ. ನನಗೆ ನಂಬಿಕೆ ಬರಲಿಲ್ಲ. ಭೂಕಂಪದ ಬಗ್ಗೆ ಓದಿದೆ, ಓದಬಾರದಿತ್ತು. ಉಸಿರು ಎಣಿಸಿದ್ದು ಸಾವಿರದವರೆಗೆ.

ಅತ್ತೆ ಹೇಳಿದ್ದೇ ಸರಿಯೇನೋ.

ನವೆಂಬರ್ 15, ಶನಿವಾರ

ಜ್ವರ ಬಿಟ್ಟಿತು. ಕೆಳಗಿನ ಒಸಡಿನಲ್ಲಿ ಅಕ್ಕಿ ಕಾಳಿನಷ್ಟು ಬಿಳಿ. ಅತ್ತೆ ಹೇಳಿದ್ದು ಸರಿಯಲ್ಲ.

ಇವತ್ತು ಎಲೆಕ್ಟ್ರಾ ಸ್ಟ್ರೀಟಿಗೆ ಹೋಗಿದ್ದೆವು, ಲೆಸ್ಲಿಗೆ ಲ್ಯಾಪ್‌ಟಾಪಿನ ಚಾರ್ಜರ್ ಬೇಕಿತ್ತು. ದಾರಿಯಲ್ಲಿ ಟ್ರಾಫಿಕ್. ಕಾರಿನೊಳಗೆ ಗಂಡ ಎದ್ದು ಹೋಗುವ ಹಾಗಿಲ್ಲ, ಜಗಳಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಹಿಂದಿನ ದಿನ ಓದಿದ್ದನ್ನು ಹೇಳಿದೆ. ಎದೋ ಕಾಲದಲ್ಲಿ, ಅಂದರೆ ನಾನೂರು ವರ್ಷದ ಹಿಂದಿನಿಂದ ನೂರೈವತ್ತು ವರ್ಷದ ಹಿಂದಿನವರೆಗೆ, ಕಿತ್ಸುಕಿಯಂಥ ಸಣ್ಣ ಕೋಟೆಗಳ ಒಡೆಯರೆಲ್ಲ ಒಂದು ವರ್ಷ ತಮ್ಮ ಊರಿನಲ್ಲಿ, ಒಂದು ವರ್ಷ ರಾಜಧಾನಿ ಎದೋದಲ್ಲಿ ಇರಬೇಕಿತ್ತು. ಹೆಂಡತಿ ಮಕ್ಕಳು ಮಾತ್ರ ಯಾವಾಗಲೂ ಎದೋದಲ್ಲೇ. ಒತ್ತೆಯಾಳು. ಒಡೆಯ ಬಾಲ ಬಿಚ್ಚಬಾರದೆಂದು ದೇಶ ಆಳುವ ಸೇನಾಪತಿ, ಶೋಗನ್, ಮಾಡಿದ ಕಾನೂನು. ಕಿತ್ಸುಕಿಯ ಒಡೆಯ ಸಮುದ್ರ ದಾಟಿ ವಾರಗಟ್ಟಲೆ ಪ್ರಯಾಣ ಮಾಡಿ ಹೆಂಡತಿಯ ಮುಖ ನೋಡಬೇಕಿತ್ತು.

“ಅವರಿಗೆ ಶೋಗನ್ ಕತ್ತಿ ಹಿಡಿದು ಹೇಳಿದ್ದ. ನಿನಗೆ ಯಾರು ಹೇಳಿದರು?”

“ಎಚ್‌ಆರ್,” ಎಂದ ಲೆಸ್ಲಿ.

ನನಗೂ ನಗು ಬಂತು. ಆದರೆ ಬಿಡಲಿಲ್ಲ. “ಎಚ್‌ಆರ್ ಕೇಳಿದ್ದು ಪ್ರಶ್ನೆ. ಉತ್ತರ ಕೊಟ್ಟವನು ನೀನು.”

“ಫ್ಯಾಮಿಲಿ ಸ್ಟೇಟಸ್ ಅಂದ್ರೆ ಮನೆ, ಟಿಕೆಟ್, ಸ್ಕೂಲು ಎಲ್ಲ ಕಂಪನಿ ಕೊಡ್ಬೇಕು. ಹಾಗೆ ಬರೆದ್ರೆ ಯಾರು ತಕ್ಕೊಳ್ತಾರೆ? ಹನ್ನೊಂದು ವರ್ಷ ಗಲ್ಫ್‌ನಲ್ಲಿದ್ದೇನೆ, ನಂಗೆ ಗೊತ್ತಿಲ್ವಾ?”

“ಅದು ಗಲ್ಫ್ ಫಾರ್ಮ್ ಅಲ್ಲ ಲೆಸ್ಲಿ.”

“ಎಲ್ಲ ಫಾರ್ಮೂ ಒಂದೇ.”

ಆಮೇಲೆ ಸಿಗ್ನಲ್ಲಿನಲ್ಲಿ, ರಸ್ತೆ ನೋಡುತ್ತಲೇ, ಬೇರೆ ದನಿಯಲ್ಲಿ ಹೇಳಿದ: “ಅದೂ ಅಲ್ಲ ಕ್ಯಾರಲ್. ನೀನು ಏಳು ತಿಂಗಳಿಂದ ಮಲಗಿಲ್ಲ. ಬೆರಳು ಹಿಡಿದು ಕೂತ್ಕೊಳ್ತಿ. ನಾನು ಡ್ಯೂಟಿಗೆ ಹೋದ ಮೇಲೆ ಆ ಊರಲ್ಲಿ, ಭಾಷೆ ಬಾರದೆ, ನೀನು ಒಬ್ಬಳೇ ಮಗು ಹಿಡ್ಕೊಂಡು… ನಂಗೆ ಹೆದರಿಕೆ ಆಗ್ತದೆ. ನಿಂಗೆ ಎಂತಾದ್ರೂ ಆದ್ರೆ?”

ಹಿಂದಿನ ಕಾರಿನವನು ಹಾರ್ನ್ ಹಾಕಿದ.

ಹಾಗಾದರೆ ಸಿಂಗಲ್ ಎಂದು ಬರೆಸಿದ್ದು ನಾನು.

ನವೆಂಬರ್ 16, ಭಾನುವಾರ

ಇಲ್ಲ. ಬರೆಸಿದ್ದು ನಾನಲ್ಲ. ರಾತ್ರಿಯಿಡೀ ಯೋಚಿಸಿದೆ, ಇಲ್ಲ.

ನಿದ್ದೆಯಿಲ್ಲದವಳಿಗೆ ಮದ್ದು ನಿದ್ದೆ. ಗಂಡನನ್ನು ನಾಲ್ಕು ಸಾವಿರ ಮೈಲಿ ಆಚೆ ಇಡುವುದಲ್ಲ. ನನ್ನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಊರಿಗೆ ಕಳಿಸಿದರೆ ವಾಸಿಯಾಗುತ್ತೇನೆಯೇ? ಅಲ್ಲಿ ಅಗಾತಾಮಾಂಯ್ ಮಗುವನ್ನು ಮೀಸುತ್ತಾರೆ, ಪಕ್ಕದ ಮನೆಯ ಒಂಟಿ ಹೆಂಗಸರು ಬಂದು ಲೆಸ್ಲಿ ಯಾವಾಗ ಬರುತ್ತಾನೆ ಎಂದು ಕೇಳುತ್ತಾರೆ, ನಾನು ಮಮ್ಮಿಯ ಹಾಗೆ “ಆರು ತಿಂಗಳು” ಎನ್ನುತ್ತೇನೆ. ಮಮ್ಮಿ ಅದನ್ನು ಎಷ್ಟು ಚಂದ ಹೇಳುತ್ತಿದ್ದಳು!

ಲೆಸ್ಲಿಯ ಆಫರ್ ಕಾಗದದ ಕೊನೆಯಲ್ಲಿ ಕಾರ್ಖಾನೆಯ ಆಫೀಸಿನ ಈಮೇಲ್ ವಿಳಾಸ ಇತ್ತು. ಬರೆದೆ. ನಾನು ಲೆಸ್ಲಿಯವರ ಹೆಂಡತಿ, ಇತಿಹಾಸ ಕಲಿಸುತ್ತಿದ್ದವಳು, ಒಂದು ಮಗು ಇದೆ, ನಿಮ್ಮ ಫಾರ್ಮಿನ ಆ ಪ್ರಶ್ನೆಯ ಅರ್ಥವೇನು? ಮೂರು ಸಲ ಅಳಿಸಿದೆ, ನಾಲ್ಕನೆಯ ಸಲ ಕಳಿಸಿಬಿಟ್ಟೆ.

ಲೆಸ್ಲಿಗೆ ಹೇಳಿಲ್ಲ. ಅವನು ನನಗೆ ಹೇಳಿದ್ದನೇ?

ನವೆಂಬರ್ 19, ಬುಧವಾರ

ಉತ್ತರ ಬಂದಿದೆ! ಆಫೀಸಿನಲ್ಲಿ ವಿದೇಶದವರ ಕಾಗದಪತ್ರ ನೋಡಿಕೊಳ್ಳುವ ಹೆಂಗಸು. ಇಂಗ್ಲಿಷ್ ಸ್ವಲ್ಪ ತಿರುವುಮುರುವು, ಅರ್ಥ ಮಾತ್ರ ನೀರಿನಷ್ಟು ತಿಳಿ.

ಫ್ಯಾಮಿಲಿ ಎಂದು ಬರೆದರೆ ಕಂಪನಿ ಏನೂ ಹೆಚ್ಚು ಕೊಡುವುದಿಲ್ಲ, ಯಾರನ್ನೂ ಕೆಲಸದಿಂದ ತೆಗೆಯುವುದೂ ಇಲ್ಲ. ಎಷ್ಟು ಜನ ಬರುತ್ತಾರೆ ಎಂದು ತಿಳಿಯಲು ಕೇಳಿದ್ದು, ಅಷ್ಟೇ. ಒಬ್ಬರಾದರೆ ಹಾಸ್ಟೆಲ್ಲಿನ ಕೋಣೆ, ಮೂವರಾದರೆ ಬಾಡಿಗೆ ಮನೆ ಹುಡುಕಿಕೊಡುತ್ತಾರೆ. ಮೂವರ ವೀಸಾ ಕಾಗದ ಒಟ್ಟಿಗೆ ಕೊಡಬಹುದು. ಆದರೆ ಡಿಸೆಂಬರ್ ಒಂದು, ಸೋಮವಾರ ಬೆಳಿಗ್ಗೆ ಇಮಿಗ್ರೇಷನ್‌ಗೆ ಒಯ್ಯುತ್ತಾರೆ. ಒಂದು ಸಲ ಒಬ್ಬನದೇ ಹೋದರೆ ಉಳಿದವರದು ಹೊಸದಾಗಿ ಶುರು, ಅದು ಯಾವಾಗ ಎಂದು ಅವರು ಹೇಳಲಾರರು. ಬದಲಾವಣೆಯನ್ನು ಹೆಂಡತಿ ಬರೆದರೆ ಆಗದು. “ಲೆಸ್ಲಿ ಸಾನ್ ಅವರ ದನಿಯಲ್ಲಿ ಕೇಳಬೇಕು, ದಯವಿಟ್ಟು ಕ್ಷಮಿಸಿ.”

ಕೊನೆಗೆ, ನಾನು ಕೇಳದಿದ್ದರೂ: ಉತ್ತರ ದಿಬ್ಬದ ಹಿಂದೆ ಎರಡು ಕೋಣೆಯ ಹಳೆ ಮನೆ ಖಾಲಿಯಿದೆ. ಇಳಿಜಾರು ಕಡಿದು, ಮಗುವಿನ ಗಾಡಿ ತಳ್ಳಲಾಗದು, ಬೆನ್ನಿಗೆ ಕಟ್ಟಿಕೊಳ್ಳಬೇಕು. “ನನ್ನ ಇಬ್ಬರು ಮಕ್ಕಳನ್ನೂ ಹಾಗೇ ಹೊತ್ತೆ.”

ಲೆಸ್ಲಿಗೆ ತೋರಿಸಿದೆ. ಮುಖ ಕೆಂಪಾಯಿತು. “ನನ್ನ ಆಫೀಸಿಗೆ ನೀನು ಬರೆದದ್ದಾ? ಅವರು ಎಂತ ಅಂದ್ಕೊಂಡಾರು?”

“ನಿನಗೊಬ್ಬಳು ಹೆಂಡತಿ ಇದ್ದಾಳೆ ಅಂತ ಅಂದ್ಕೊಂಡಾರು.”

“ನೋಡುವ,” ಎಂದ. ನಮ್ಮ ಕಡೆಯ ಗಂಡಸರಿಗೆ ಇಲ್ಲ ಎನ್ನುವುದಕ್ಕೆ ಧೈರ್ಯ ಸಾಲದಾಗ ಬರುವ ಮಾತು.

ಇನ್ನೊಂದು. ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ನರ್ಸ್ ನನ್ನ ಕಣ್ಣು ನೋಡಿ ಒಂದು ಹಾಳೆ ಕೊಟ್ಟಳು, ಹತ್ತು ಪ್ರಶ್ನೆ. ಸುಳ್ಳು ಹೇಳದೆ ತುಂಬಿದೆ. ಬಾಣಂತಿಯರಿಗೆ ಬರುವ ಕಾಯಿಲೆ ಇದು, ನೀನು ಮೊದಲನೆಯವಳೂ ಅಲ್ಲ, ಕೊನೆಯವಳೂ ಅಲ್ಲ ಎಂದಳು. ಡಾಕ್ಟರ ಬಳಿ ಕಳಿಸಿದಳು. ಗುಳಿಗೆ ಇದೆ. ರಾತ್ರಿಯಲ್ಲಿ ಅರ್ಧ ಪಾಳಿ ಲೆಸ್ಲಿ ಎದ್ದಿರಬೇಕೆಂದು ಡಾಕ್ಟರೇ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಚೀಟಿ ಫ್ರಿಜ್ಜಿನ ಬಾಗಿಲ ಮೇಲಿದೆ.

ನವೆಂಬರ್ 22, ಶನಿವಾರ

ಅಭ್ಯಾಸ ಮಾಡೋಣವೆಂದರೆ ಅಬುಧಾಬಿಯಲ್ಲಿ ಒಂದೂ ಇಳಿಜಾರಿಲ್ಲ! ಇಡೀ ಊರು ಚಪಾತಿ ಮಣೆ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಮಾಲಿನ ಪಾರ್ಕಿಂಗ್ ಕಟ್ಟಡದಲ್ಲಿ, ಕಾರುಗಳು ಸುತ್ತಿಕೊಂಡು ಮೂರನೆಯ ಮಹಡಿಗೆ ಹತ್ತುವ ದಾರಿ. ಬೆಳಿಗ್ಗೆ ಎಂಟಕ್ಕೆ ಯಾರೂ ಇರುವುದಿಲ್ಲ. ಮಮ್ಮಿಯ ಹಳೆಯ ಹತ್ತಿ ಸೀರೆಯಿಂದ ಒಲಿವಿಯಾಳನ್ನು ಬೆನ್ನಿಗೆ ಕಟ್ಟಿಕೊಂಡೆ. ಕಟ್ಟಿದವಳು ಕುದ್ಸಿಯಾ, ಕಾರಿನಲ್ಲಿ ಕರೆತಂದವಳೂ ಅವಳೇ. ಬೆನ್ನಲ್ಲಿ ಮಗುವಿದ್ದರೆ ಮೂಗಿನ ಕೆಳಗೆ ಬೆರಳಿಡಲು ಆಗುವುದಿಲ್ಲ. ಹೆಗಲಿಗೆ ಬಿಸಿ ಉಸಿರು ತಾಗುತ್ತಿರುತ್ತದೆ, ಅಷ್ಟೇ ಲೆಕ್ಕ.

ಮೊದಲ ಸಲ ಹತ್ತಿದಾಗ ಎರಡನೆಯ ಮಹಡಿಯಲ್ಲೇ ಏದುಸಿರು. ಮೂರನೆಯ ಸಲಕ್ಕೆ ಸೆಕ್ಯೂರಿಟಿಯವನು ಓಡಿ ಬಂದ.

“ಮೇಡಂ, ಲಿಫ್ಟ್ ಹೈ ನಾ?”

“ಮಾಲೂಮ್ ಹೈ ಭಾಯ್,” ಎಂದಳು ಕುದ್ಸಿಯಾ, “ಇಸ್ಕೋ ಜಪಾನ್ ಜಾನಾ ಹೈ. ಪೈದಲ್.”

ಜಪಾನಿಗೆ ನಡೆದೇ ಹೋಗುವವಳನ್ನು ಕಂಡು ಅವನು ಒಂದು ಹೆಜ್ಜೆ ಹಿಂದೆ ಸರಿದ. ಕುದ್ಸಿಯಾ ಬಾನೆಟ್ ಹಿಡಿದು ನಕ್ಕಳು. ನಕ್ಕು ಮುಗಿದ ಮೇಲೆ, “ಯಲ್ಲಾ, ಇನ್ನೊಂದು ಸಲ. ಉಪ್ಪಿನಂಗಡಿ ಆಯ್ತು, ಈಗ ವಿನೆಗರ್ ಅಂಗಡಿ.”

ಹತ್ತುವಾಗ ಮಗುವಿಗೆ ಪಾಠ ಹೇಳಿದೆ. ಒಲಿವಿಯಾ, ಕೇಳು. 1586ರಲ್ಲಿ ದಕ್ಷಿಣದಿಂದ ಶಿಮಾಜು ಎಂಬ ದೊಡ್ಡ ಮನೆತನದ ಸೈನ್ಯ ಬಂತು. ಸುತ್ತಲಿನ ಕೋಟೆಗಳು ಒಂದೊಂದಾಗಿ ಬಿದ್ದವು. ಈ ಪುಟ್ಟ ಕೋಟೆ ಬೀಳಲಿಲ್ಲ. ಒಂದು ಕಡೆ ನದಿ, ಒಂದು ಕಡೆ ಕೊಲ್ಲಿ, ಕಡಿದಾದ ಗುಡ್ಡ. ಒಳಗಿದ್ದವರು ಬಾಗಿಲು ತೆಗೆಯಲಿಲ್ಲ. ಬಂದವರು ಹಾಗೇ ತಿರುಗಿ ಹೋದರು. ಆಮೇಲೆ ಅದಕ್ಕೆ ಗೆದ್ದ ಬೆಟ್ಟ ಎಂದು ಹೆಸರಾಯಿತು. ಮುಂದೆ ಸಿಡಿಲು ಬಡಿದು ಗೋಪುರ ಸುಟ್ಟುಹೋಯಿತು. ಈಗಿರುವುದು 1970ರ ಕಾಂಕ್ರೀಟು, ನಮ್ಮ ವಿಲ್ಲಾಕ್ಕಿಂತ ಸ್ವಲ್ಪ ದೊಡ್ಡದು. ಇರಲಿ. ಕಾಂಕ್ರೀಟಾದರೇನು, ಇದೆಯಲ್ಲ.

ಮನೆಗೆ ಬಂದು ಮಧ್ಯಾಹ್ನ ಹೊರಳಿದವಳಿಗೆ ಎಚ್ಚರವಾದದ್ದು ಐದಕ್ಕೆ. ಬರೆಯಲು ತಡವಾದದ್ದು ಅದಕ್ಕೇ.

ನವೆಂಬರ್ 26, ಬುಧವಾರ

ಕಾರ್ಗೋದವನು ಬಂದ. ಕಟ್ಟಿದ ಮೂರು ಕಾರ್ಟನ್ ಬಾಗಿಲ ಬಳಿ ಸಾಲಾಗಿ ನಿಂತಿದ್ದವು, ಮೇಲೆ ಲೆಸ್ಲಿಯ ದುಂಡು ಅಕ್ಷರದಲ್ಲಿ ಅತ್ತೆಯ ವಿಳಾಸ. “ಮಾಫಿ ಕಾರ್ಗೋ,” ಎಂದೆ, ಇಲ್ಲಿನ ಅರಬ್ಬಿಯಲ್ಲಿ ಕಾರ್ಗೋ ಇಲ್ಲ ಅಂತ. ಅವನು ಕಾಗದ ತೋರಿಸಿದ. ಇಲ್ಲ ಎಂದರೆ ಇಲ್ಲ ಎಂದು ಮಲಯಾಳಂ, ಹಿಂದಿ, ಕನ್ನಡ ಮೂರರಲ್ಲೂ ಹೇಳಿದೆ. ಹೋದ.

ಸಂಜೆ ಲೆಸ್ಲಿ ಕಾರ್ಟನ್ ನೋಡಿದ, ನನ್ನನ್ನು ನೋಡಿದ.

“ನಿನಗೆ ಹಠ.”

“ಹೌದು.”

“ಒಂಬತ್ತಕ್ಕೆ ಟಿಕೆಟ್ ಉಂಟು.”

“ನಿನ್ನ ಹೆಸರಿಗೆ ಬದಲಾಯಿಸಿಕೋ. ನೀನು ಹೋಗಿ ಮಾಂಯ್ ಒಟ್ಟಿಗೆ ಆರು ತಿಂಗಳು ಇರು.”

ನಗುತ್ತಾನೆ ಅಂದುಕೊಂಡೆ, ನಗಲಿಲ್ಲ. ಒಲಿವಿಯಾಳನ್ನು ಎತ್ತಿಕೊಂಡು ಬಾಲ್ಕನಿಗೆ ಹೋದ. ಬಹಳ ಹೊತ್ತು ಅಲ್ಲೇ ಇದ್ದ. ಅವನ ಅಪ್ಪನೂ ಮಸ್ಕತ್‌ನಲ್ಲಿದ್ದವರು. ಆ ಮಾತು ಅವನೆಂದೂ ತೆಗೆಯುವುದಿಲ್ಲ.

ನಾಳೆಯಿಂದ ಸೋಮವಾರದವರೆಗೆ ಅವನಿಗೆ ದುಬೈಯಲ್ಲಿ ಕೆಲಸ. ಒಂದು ಆಸ್ಪತ್ರೆಯ ಎಂಆರ್‌ಐ ಯಂತ್ರ ಬಿಚ್ಚಿ ಬೇರೆ ಕಟ್ಟಡಕ್ಕೆ ಸಾಗಿಸುವುದು. ರೋಗಿಗಳಿಲ್ಲದ ಹೊತ್ತೇ ಆಗಬೇಕು, ಆದ್ದರಿಂದ ರಾತ್ರಿ ಪಾಳಿ. ಅಯಸ್ಕಾಂತದ ಕೋಣೆ, ಫೋನು ಒಳಗೆ ಒಯ್ಯುವಂತಿಲ್ಲ, ಹೊರಗಿನ ಲಾಕರಿನಲ್ಲಿ. ಎರಡೂವರೆಗೆ ಚಾ ಕುಡಿಯಲು ಹೊರಬಂದಾಗ ಅರ್ಧ ಗಂಟೆ ಸಿಗುತ್ತಾನೆ, ಪಾಳಿ ಬಿಡುವುದು ಏಳಕ್ಕೆ. ಅಂದರೆ ಕಿತ್ಸುಕಿಯ ಕಾಗದ ಹೊರಡುವ ದಿನ ಅವನು ಇಲ್ಲಿರುವುದಿಲ್ಲ.

ನವೆಂಬರ್ 28, ಶುಕ್ರವಾರ

ಫೋನಿನಲ್ಲಿ: “ಎಂತ ತೀರ್ಮಾನ?” “ಕೆಲಸ ಮುಗಿಲಿ, ನೋಡುವ.” “ಸೋಮವಾರ ಕಾಗದ ಹೋಗ್ತದೆ.” “ಗೊತ್ತುಂಟು ಕ್ಯಾರಲ್. ಮಲಗಿದ್ಯಾ?” “ಮಲಗಿದ್ದೆ. ನೀನು ಎಬ್ಬಿಸಿದೆ.” “ಹೌದಾ?” ಎಂದ, ನಂಬದವನ ಹಾಗೆ.

ಒಲಿವಿಯಾಳಿಗೆ ಎರಡನೆಯ ಹಲ್ಲು.

ನವೆಂಬರ್ 30, ಭಾನುವಾರ

ಲೆಸ್ಲಿ, ಈ ಪುಸ್ತಕ ನಿನಗಾಗಿ ಬರೆದದ್ದಲ್ಲ. ಹಿಂದಿನ ಪುಟಗಳನ್ನು ನಿನಗೆ ತೋರಿಸುವುದೂ ಇಲ್ಲ. ಈ ಒಂದನ್ನು ಮಾತ್ರ ಫೋಟೋ ತೆಗೆದು ಕಳಿಸುತ್ತಿದ್ದೇನೆ. ವಾಟ್ಸಾಪಿನಲ್ಲಿ ಬರೆದರೆ ಅರ್ಧಕ್ಕೇ ನೀಲಿ ಗೆರೆ ಬೀಳುತ್ತದೆ, ನೀನು ‘ನೋಡುವ’ ಎಂದು ಕಳಿಸುತ್ತೀ. ಹಾಳೆಗೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ಈಗ ಗಂಟೆ ಒಂಬತ್ತು. ನೀನು ಇದನ್ನು ಎರಡೂವರೆಗೆ ಚಾ ಲೋಟ ಹಿಡಿದು ಓದುತ್ತೀ. ಕಿತ್ಸುಕಿಯಲ್ಲಿ ಆಗ ಏಳೂವರೆ. ಆಫೀಸು ತೆರೆಯುವುದು ಅಲ್ಲಿನ ಎಂಟೂವರೆಗೆ, ನಮ್ಮ ಮೂರೂವರೆಗೆ. ಒಂಬತ್ತೂವರೆಗೆ ಆ ಹೆಂಗಸು ಕಾಗದ ತೆಗೆದುಕೊಂಡು ಹೊರಡುತ್ತಾಳೆ, ನಮ್ಮ ನಾಲ್ಕೂವರೆ. ಮೊನ್ನೆ ಮತ್ತೆ ಬರೆದು ಕೇಳಿ ತಿಳಿದುಕೊಂಡಿದ್ದೇನೆ. ನಡುವೆ ಒಂದು ಗಂಟೆ ಇದೆ, ಅಷ್ಟರಲ್ಲಿ ನೀನು ಅವಳಿಗೆ ಫೋನ್ ಮಾಡಬೇಕು. ಚಾ ಮುಗಿಸಿ ಒಳಗೆ ಹೋಗಬೇಡ. ನಿನ್ನ ಫೋರ್‌ಮನ್‌ಗೆ ಹೇಳು, ಹೆಂಡತಿ ಹುಚ್ಚಿ, ಒಂದು ಗಂಟೆ ಬೇಕು ಅಂತ. ಹಾಗೆ ಹೇಳಿದರೆ ನನಗೆ ಬೇಸರವಿಲ್ಲ.

ನಾನು ಕಾಯಿಲೆ ಬಿದ್ದಿದ್ದೆ. ನೀನು ಹೆದರಿದೆ. ಹೆದರಿದ್ದು ತಪ್ಪಲ್ಲ. ಹೆದರಿ ನನ್ನನ್ನು ಕೇಳದೆ ಗುರುತು ಹಾಕಿದ್ದು ತಪ್ಪು. ಅಲ್ಲಿ ಭೂಕಂಪವಾಗುತ್ತದೆ, ಭಾಷೆ ಬಾರದು, ಚಳಿ, ಮಗು ಅಳುತ್ತದೆ, ನಾನೂ ಅಳುತ್ತೇನೆ. ಎಲ್ಲ ಗೊತ್ತಿದೆ. ನೀನು ಸಂಜೆ ಇಳಿಜಾರು ಹತ್ತಿ ಮನೆಗೆ ಬರುತ್ತೀ, ಅಷ್ಟಿದ್ದರೆ ಅಳುವುದಕ್ಕೂ ಒಂದು ಹೊತ್ತು ಗೊತ್ತಿರುತ್ತದೆ. ನಿನ್ನ ಅಪ್ಪ ಬಂದಾಗ ನೀನು ಮಂಚದ ಕೆಳಗೆ ಅಡಗುತ್ತಿದ್ದೆಯಂತೆ, ಮಾಂಯ್ ನನಗೆ ಹೇಳಿದ್ದಾರೆ. ನಗುತ್ತ ಹೇಳಿದರು, ಕೊನೆಗೆ ನಗಲಿಲ್ಲ. ಒಲಿವಿಯಾ ನಿನ್ನಿಂದ ಅಡಗುವುದು ಬೇಡ.

ನೀನು ಮಾಡದಿದ್ದರೂ ನಾನು ಒಂಬತ್ತನೇ ತಾರೀಕಿಗೆ ವಿಮಾನ ಹತ್ತುವುದಿಲ್ಲ. ವೀಸಾ ಮುಗಿಯುವ ಕೊನೆಯ ದಿನದವರೆಗೂ ಈ ಮನೆಯಲ್ಲೇ ಕೂತಿರುತ್ತೇನೆ, ಆಮೇಲೆ ಆ ದಿಬ್ಬದ ಕೆಳಗೆ ಟೂರಿಸ್ಟಾಗಿ ಬಂದು ನಿಲ್ಲುತ್ತೇನೆ. ಕಿಮೊನೋ ಉಟ್ಟುಕೊಂಡು ಬಂದವರಿಗೆ ಕೋಟೆಗೆ ಟಿಕೆಟ್ಟಿಲ್ಲವಂತೆ, ಸೀರೆಗೂ ಬಿಡುತ್ತಾರೋ ಕೇಳುತ್ತೇನೆ. ಇದು ಬೆದರಿಕೆ ಅಂದುಕೋ. ಬೇಡಿಕೆ ಅಂತಲೂ ಅಂದುಕೋ, ನನಗೆ ಈಗ ಎರಡರಲ್ಲೂ ನಾಚಿಕೆಯಿಲ್ಲ.

ಆ ಆಫೀಸಿನ ನಂಬರು ಈ ಪುಟದ ಕೆಳಗೆ ದೊಡ್ಡದಾಗಿ ಬರೆದಿದ್ದೇನೆ. ಹೇಳಬೇಕಾದ್ದು ಇಷ್ಟೇ: ನನ್ನ ಹೆಸರು ಲೆಸ್ಲಿ, ತಪ್ಪು ಗುರುತು ಹಾಕಿದೆ, ನಾವು ಮೂವರು. ಇಂಗ್ಲಿಷಿನಲ್ಲೇ ಹೇಳು, ನಿಧಾನಕ್ಕೆ ಹೇಳು. ಅವಳು ಕಾಯುತ್ತಿರುತ್ತಾಳೆ.

ಅದು ಮುಗಿದ ಮೇಲೆ ನನಗೆ ಮಾಡು. ಬೇಗ ಕತ್ತರಿಸಬೇಡ, ರಿಂಗಾಗಲು ಬಿಡು, ನಾನು ನಿದ್ದೆಯಲ್ಲಿರುತ್ತೇನೆ. ಎತ್ತದಿದ್ದರೆ ಮತ್ತೆ ಮಾಡು. ಇನ್ನೊಮ್ಮೆ ಮಾಡು. ದಮ್ಮಯ್ಯ ಲೆಸ್ಲಿ, ಬೆಳಗಾಗುವ ಮೊದಲು ಫೋನ್ ಮಾಡು.